ಕೀರ್ತನೆ ಮತ್ತು ಪ್ರಲಾಪ: ಬೈಬಲ್ಲಿನ ಶೋಕಪ್ರಾರ್ಥನೆಯ ಸ್ವರೂಪ

ಕನ್ನಡ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ 'ಕೀರ್ತನೆಗಳು' ಮತ್ತು 'ಪ್ರಲಾಪಗಳು' ಎಂಬ ಎರಡು ಗ್ರಂಥಗಳಿವೆ. ಕ್ರೈಸ್ತರ ದುಃಖದ ಪ್ರಾರ್ಥನೆಗೆ ನುಡಿಯನ್ನು ಒದಗಿಸಿದ ಆಕರಗಳಲ್ಲಿ ಇವು ಮುಖ್ಯವಾದುವು. ಮೊದಲ ಶೀರ್ಷಿಕೆ ಕನ್ನಡ ಓದುಗನಿಗೆ ಹರಿದಾಸರ ಪದಗಳನ್ನೂ ಎರಡನೆಯದು ಕಾವ್ಯಮೀಮಾಂಸೆಯ ವಿರಹಾವಸ್ಥೆಯನ್ನೂ ನೆನಪಿಗೆ ತರುತ್ತವೆ. ಈ ಪರಿಚಯವೇ ಓದಿಗೆ ತೊಡಕಾಗುವುದೂ ಉಂಟು. 'ಕೀರ್ತನೆ' ಎಂಬ ಹೆಸರು ಒಳಗಿನ ದುಃಖವನ್ನು ಮರೆಮಾಡಿದರೆ, 'ಪ್ರಲಾಪ' ಎಂಬ ಹೆಸರು ದುಃಖದೊಳಗಿನ ಕ್ರಮವನ್ನು ಮರೆಮಾಡುತ್ತದೆ.

ಕೀರ್ತನೆಗಳ ಹೀಬ್ರೂ ಹೆಸರು 'ತೆಹಿಲ್ಲೀಮ್'. ಸ್ತುತಿಗಳು ಎಂದು ಅದರ ಅರ್ಥ. ಹೀಗಾಗಿ ಕನ್ನಡದ ಹೆಸರು ಮೂಲಕ್ಕೆ ಹತ್ತಿರವಾದುದೇ. ಆದರೆ ಇಲ್ಲಿನ 150 ರಚನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಶೋಕಪ್ರಾರ್ಥನೆಗಳೆಂದು ವಿದ್ವಾಂಸರು ಸಾಮಾನ್ಯವಾಗಿ ಗಣಿಸುತ್ತಾರೆ. ಜರ್ಮನ್ ವಿದ್ವಾಂಸ ಹೆರ್ಮನ್ ಗುಂಕೆಲ್ (1862–1932) ಇವುಗಳನ್ನು ಒಂದು ವಿಶಿಷ್ಟ ಪ್ರಕಾರವಾಗಿ ವಿವೇಚಿಸಿದನು. ದೇವರ ಸಂಬೋಧನೆ, ಸಂಕಟದ ನಿವೇದನೆ, ಮೊರೆ, ಭರವಸೆ, ಸ್ತುತಿಯ ಹರಕೆ ಇವು ಈ ಪ್ರಕಾರದ ಸಾಮಾನ್ಯ ಅಂಗಗಳು. 13ನೆಯ ಕೀರ್ತನೆಯ ಮೊದಲೆರಡು ವಚನಗಳಲ್ಲಿ 'ಎಷ್ಟು ಕಾಲ' ಎಂಬ ಪ್ರಶ್ನೆ ನಾಲ್ಕು ಬಾರಿ ಬಂದು, ಕೊನೆಯಲ್ಲಿ ಹಾಡು ಹುಟ್ಟುತ್ತದೆ. 88ನೆಯ ಕೀರ್ತನೆಯಲ್ಲಿ ಈ ತಿರುವೇ ಇಲ್ಲ. ಅದು ಕತ್ತಲೆಯಲ್ಲಿ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಅಲ್ಲಿನ ದುಃಖಿಯು ಹಗಲಿರುಳು, ಪ್ರತಿದಿನ, ಮುಂಜಾನೆ ದೇವರನ್ನೇ ಕರೆಯುತ್ತಾನೆ. ಸಮಾಧಾನ ದೊರೆಯದಿದ್ದರೂ ಸಂಬೋಧನೆ ನಿಲ್ಲುವುದಿಲ್ಲ.

ಪ್ರಲಾಪಗಳ ಹಿನ್ನೆಲೆ ಕ್ರಿ.ಪೂ. 587ರ ಸುಮಾರಿನ ಜೆರೂಸಲೇಮಿನ ಪತನ. ಕನ್ನಡದಲ್ಲಿ ಪ್ರಲಾಪವೆಂದರೆ ಅಸಂಬದ್ಧ ಮಾತು ಎಂಬ ಅರ್ಥವೂ ಇದೆ. ಈ ಗ್ರಂಥವಾದರೋ ಅತ್ಯಂತ ಕ್ರಮಬದ್ಧವಾದ ರಚನೆ. ಇದರ ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂವಿನ 22 ಅಕ್ಷರಗಳ ಅನುಕ್ರಮದಲ್ಲಿ ಸಾಗುತ್ತವೆ. ಮೂರನೆಯ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೆ ಮೂರರಂತೆ 66 ವಚನಗಳಿವೆ. ಐದನೆಯದರಲ್ಲಿ 22 ವಚನಗಳು ಉಳಿದಿವೆ, ಅಕ್ಷರಕ್ರಮ ಉಳಿದಿಲ್ಲ. ನಾಶವಾದ ನಗರದ ಮುಂದೆ ಮಾತು ಚದುರಿಹೋಗದಂತೆ ಅಕ್ಷರಮಾಲೆಯೇ ಹಿಡಿದು ನಿಲ್ಲಿಸಿದಂತಿದೆ. ಅನುವಾದದಲ್ಲಿ ಈ ಕಟ್ಟು ಕಾಣದೆ ಹೋಗುವುದರಿಂದ ಕನ್ನಡ ಓದುಗನಿಗೆ ಬರಿಯ ರೋದನವಷ್ಟೇ ಕೇಳಿಸುವ ಸಾಧ್ಯತೆಯಿದೆ.

ಇಷ್ಟಾದರೂ 'ಪ್ರಲಾಪ' ಎಂಬ ಪದಕ್ಕೆ ಇನ್ನೊಂದು ಔಚಿತ್ಯವಿದೆ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಕರುಣವನ್ನು ನಿರಪೇಕ್ಷವೆಂದೂ ವಿಪ್ರಲಂಭವನ್ನು ಸಾಪೇಕ್ಷವೆಂದೂ ಬೇರ್ಪಡಿಸುತ್ತಾನೆ. ಒಂದರಲ್ಲಿ ಮರಳಿ ಪಡೆಯುವ ನಿರೀಕ್ಷೆಯಿಲ್ಲ. ಇನ್ನೊಂದರಲ್ಲಿ ಅಗಲಿಕೆಯಿದ್ದರೂ ನಿರೀಕ್ಷೆಯಿದೆ. ಪ್ರಲಾಪವು ವಿರಹದ ದಶಾವಸ್ಥೆಗಳಲ್ಲಿ ಒಂದು. ಈ ದೃಷ್ಟಿಯಿಂದ ನೋಡಿದರೆ, ಬೈಬಲ್ಲಿನ ಶೋಕಪ್ರಾರ್ಥನೆಯ ವಸ್ತು ಕರುಣದ್ದು, ನುಡಿಯ ಭಂಗಿ ವಿಪ್ರಲಂಭದ್ದು. ಕಳೆದುಹೋದುದು ಮರಳದಿರಬಹುದು, ಮೌನವಾಗಿರುವ ದೇವರು ಉತ್ತರಿಸಬೇಕೆಂಬ ಅಪೇಕ್ಷೆ ಅಳಿದಿಲ್ಲ.

ಇದನ್ನು ನಿಂದಾಸ್ತುತಿಯೊಡನೆ ಸಮೀಕರಿಸುವುದು ಸರಿಯಾಗಲಾರದು. ನಿಂದಾಸ್ತುತಿಯಲ್ಲಿ ಸಾಮಾನ್ಯವಾಗಿ ನಿಂದೆಯು ಹೊರಕವಚ, ಸ್ತುತಿಯು ಆಶಯ. ಶೋಕಪ್ರಾರ್ಥನೆಯಲ್ಲಿ ದೂರು ನಿಜವಾದ ದೂರೇ ಆಗಿದೆ. ಮತ್ತಾಯ ಮತ್ತು ಮಾರ್ಕನ ಸುವಾರ್ತೆಗಳಲ್ಲಿ ಶಿಲುಬೆಯ ಮೇಲಿನ ಯೇಸು 22ನೆಯ ಕೀರ್ತನೆಯ ಮೊದಲ ಪ್ರಶ್ನೆಯನ್ನೇ ಕೂಗಿ ಕೇಳುತ್ತಾನೆ. ಮಾರ್ಕನು ಆ ಕೂಗನ್ನು ಅರಮಾಯಿಕ್ ನುಡಿಯಲ್ಲಿಯೇ ಉಳಿಸಿ, ಬಳಿಕ ಗ್ರೀಕ್ ಅರ್ಥವನ್ನು ಕೊಡುತ್ತಾನೆ. ಕೈಬಿಟ್ಟವನೆಂದು ದೇವರನ್ನು ಕೇಳುವ ಮಾತು ಹೀಗೆ ಕ್ರೈಸ್ತ ಪ್ರಾರ್ಥನೆಯ ಹೊರಗಲ್ಲ, ಅದರ ನಡುವೆಯೇ ನೆಲೆ ಪಡೆದಿದೆ.

ಆದುದರಿಂದ ದುಃಖಿಯ ಪ್ರಶ್ನೆಯನ್ನು ಅವಿಶ್ವಾಸವೆಂದು ತಳ್ಳಿಹಾಕುವುದಾಗಲಿ, ಅವಸರದಿಂದ ಸ್ತುತಿಯಾಗಿ ತಿದ್ದುವುದಾಗಲಿ ಈ ಪಠ್ಯಗಳಿಗೆ ನ್ಯಾಯ ಒದಗಿಸುವುದಿಲ್ಲ. ಕೀರ್ತನೆಯಲ್ಲಿ ಪ್ರಲಾಪವನ್ನೂ ಪ್ರಲಾಪದಲ್ಲಿ ಕ್ರಮವನ್ನೂ ಗುರುತಿಸುವ ಓದು ಇಲ್ಲಿ ಅಗತ್ಯ.