ರೈತನ ಆದಾಯವೂ ಮನಸ್ಸಿನ ನೆಮ್ಮದಿಯೂ

ಹಣವುಳ್ಳವನೇ ಸುಖಿಯೆಂದು ಕೆಲವರೂ, ಹಣಕ್ಕೂ ಸುಖಕ್ಕೂ ಸಂಬಂಧವಿಲ್ಲವೆಂದು ಕೆಲವರೂ ಹೇಳುವುದುಂಟು. ಇವೆರಡೂ ಪೂರ್ಣ ಸತ್ಯವಲ್ಲ. ಆದಾಯವು ಎಷ್ಟೆಂಬುದರೊಡನೆ, ಅದು ಯಾವ ಕಾಲದಲ್ಲಿ ಕೈಸೇರುವುದು, ಸಾಲ ತೀರಿದ ಮೇಲೆ ಎಷ್ಟು ಉಳಿಯುವುದು ಎಂಬುದನ್ನೂ ವಿಚಾರಿಸತಕ್ಕದ್ದು.

ತಮಿಳುನಾಡಿನ 464 ಮಂದಿ ಕಬ್ಬಿನ ಬೆಳೆಗಾರರನ್ನು ಕುರಿತ ಒಂದು ಪರಿಶೋಧನೆಯು 2013ರಲ್ಲಿ ಪ್ರಕಟವಾಯಿತು. ಅದೇ ರೈತರಿಗೆ ಕಟಾವಿಗೆ ಮೊದಲೊಮ್ಮೆ, ಹಣ ಬಂದ ತರುವಾಯ ಮತ್ತೊಮ್ಮೆ ಬುದ್ಧಿಪರೀಕ್ಷೆಗಳನ್ನು ಕೊಡಲಾಯಿತು. ಸಾಲವೂ ಒತ್ತೆಯಿಟ್ಟ ವಸ್ತುಗಳೂ ಹೆಚ್ಚಾಗಿದ್ದ ಮೊದಲ ಕಾಲದಲ್ಲಿ ಅವರ ಉತ್ತರಗಳು ಕೆಳಮಟ್ಟದಲ್ಲಿದ್ದುವು. ರೈತನ ಸಹಜಬುದ್ಧಿಯು ಕುಂದಿರಲಿಲ್ಲ; ಹಣದ ಚಿಂತೆಯೇ ಅವನ ಗಮನವನ್ನು ನುಂಗಿದ್ದಿತೆಂದು ಪರಿಶೋಧಕರು ನಿರ್ಣಯಿಸಿದರು. ಸಾಲಪತ್ರಕ್ಕೆ ರುಜು ಹಾಕುವುದೂ ಜಮೀನನ್ನು ಮಾರಲು ಒಪ್ಪುವುದೂ ಸಾಮಾನ್ಯವಾಗಿ ಇಂತಹ ಕಾಲದಲ್ಲಿಯೇ ಎಂಬುದು ಶೋಚನೀಯ.

ನಗರಕ್ಕೆ ಸಮೀಪದ ಗ್ರಾಮಗಳಿಗೆ ಈ ವಿಷಯವು ವಿಶೇಷವಾಗಿ ಅನ್ವಯಿಸುವುದು. ಬೆಂಗಳೂರಿನ ಪಶ್ಚಿಮಭಾಗದ ಅತ್ತಿಗುಪ್ಪೆಯು ಹಿಂದೆ ಗ್ರಾಮವಾಗಿದ್ದು, ಈಗ ನಗರದೊಳಗೆ ಸೇರಿಹೋಗಿದೆ. 2015ರ ನವೆಂಬರಿನಿಂದ ಅಲ್ಲಿ ಮೆಟ್ರೋ ರೈಲು ನಿಲ್ಲುತ್ತದೆ. ನಗರವು ಹೀಗೆ ಬಳಿಸಾರಿದಾಗ ಭೂಮಿಯ ಬೆಲೆಯೇರಿ, ಮಾರಿದವನಿಗೆ ದೊಡ್ಡ ಮೊತ್ತವು ದೊರೆಯುವುದು. ಆದರೆ ರಾಗಿಯ ಹೊಲವು ವರ್ಷವರ್ಷವೂ ಕೊಡುವುದು. ಮಾರಿದ ಹೊಲವು ಒಂದೇ ಸಲ ಕೊಡುವುದು. ಆ ಮೊತ್ತದಿಂದ ಬಾಡಿಗೆ, ಬಡ್ಡಿ ಅಥವಾ ಕಸುಬಿನ ರೂಪದ ನಿಲ್ಲುವ ವರಮಾನವನ್ನು ಏರ್ಪಡಿಸಿಕೊಳ್ಳದಿದ್ದರೆ, ಹಣದೊಡನೆ ನೆಮ್ಮದಿಯೂ ಕರಗುವುದು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಗಮನಿಸತಕ್ಕ ಅಂಶಗಳು:

1. ಕ್ರಯ, ಅಡಮಾನ, ದೊಡ್ಡ ಸಾಲ ಇವುಗಳನ್ನು ಕೈ ಬರಿದಾದ ತಿಂಗಳುಗಳಲ್ಲಿ ನಿಶ್ಚಯಿಸದೆ, ಸುಗ್ಗಿಯ ತರುವಾಯ ಮನೆಯವರೆಲ್ಲರೂ ಕೂಡಿ ಆಲೋಚಿಸತಕ್ಕದ್ದು.

2. ಒಂದೇ ಬೆಳೆಯನ್ನು ನಂಬದೆ ಹಾಲು, ರೇಷ್ಮೆ, ತರಕಾರಿ ಮುಂತಾದುವುಗಳಿಂದ ವರ್ಷದ ಹಲವು ಕಾಲಗಳಲ್ಲಿ ವರಮಾನವು ಬರುವಂತೆ ಮಾಡಿಕೊಳ್ಳತಕ್ಕದ್ದು.

3. ಬಿತ್ತನೆಯ ಕಾಲದ ಸಾಲಕ್ಕೆ ಸಹಕಾರ ಸಂಘವನ್ನು ಆಶ್ರಯಿಸತಕ್ಕದ್ದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಇಂತಹ ಸಂಘವನ್ನು ಸ್ಥಾಪಿಸಿ ಮಾರ್ಗ ತೋರಿದರು.

ಬರುವ ತಿಂಗಳ ಖರ್ಚಿಗೆ ದಾರಿಯನ್ನು ಬಲ್ಲವನು ರಾತ್ರಿ ನಿದ್ರಿಸುವನು. ಊರಿನಲ್ಲಿ ಅಂತಹ ಮನೆಗಳು ಎಷ್ಟಿವೆಯೆಂದು ಮುಖಂಡರು ಎಣಿಸಿ ನೋಡಿದರೆ, ಆ ಊರಿನ ಸುಖದ ಅಳತೆಯು ತಾನಾಗಿಯೇ ತಿಳಿದುಬರುವುದು.