ಆಮೆ ಕಾಯುವ ಸಂಘಕ್ಕೂ ಲೆಕ್ಕದ ಪುಸ್ತಕ ಬೇಕು



ನಮ್ಮ ಸೀತಾನದಿ ಕೋಡಿ ಬೆಂಗ್ರೆಯ ಹತ್ತಿರ ಕಡಲು ಸೇರುತ್ತದೆ. ಅಲ್ಲಿಂದ ಉತ್ತರಕ್ಕೆ ಹೋದರೆ ಕುಂದಾಪುರದ ಕೋಡಿ ಸಿಗುತ್ತದೆ. ಅಲ್ಲಿನ ಕಡಲತೀರಕ್ಕೆ ಚಳಿಗಾಲದ ರಾತ್ರಿ ಆಲಿವ್ ರಿಡ್ಲಿ ಎಂಬ ಜಾತಿಯ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಅಷ್ಟು ದಿನ ನಾಯಿ, ನರಿ ಬಾರದ ಹಾಗೆ ಕಾಯಬೇಕು. ಅರಣ್ಯ ಇಲಾಖೆಯವರ ಜೊತೆ ಸ್ವಯಂಸೇವಕರೂ ಸೇರಿ ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಇಲಾಖೆಗೆ ತಿಳಿಸದೆ ಯಾರೂ ಮೊಟ್ಟೆ ಮುಟ್ಟುವ ಹಾಗಿಲ್ಲ.

ಇಂಥ ಕೆಲಸಕ್ಕೆ ಸಂಬಳ ಇಲ್ಲ, ಆದರೆ ಖರ್ಚು ಇದೆ. ಬಲೆ ಬೇಕು, ಟಾರ್ಚಿಗೆ ಸೆಲ್ ಬೇಕು, ರಾತ್ರಿ ಕೂತವರಿಗೆ ಒಂದು ಲೋಟ ಚಾ ಬೇಡವಾ? ಊರಿನ ಸಂಘಗಳು ಕೆಲಸ ಹೆಚ್ಚಾಯಿತು ಅಂತ ಮುರಿಯುವುದು ಕಮ್ಮಿ. "ದುಡ್ಡು ಎಂತ ಆಯ್ತು?" ಅಂತ ಒಬ್ಬರು ಕೇಳಿ, ಇನ್ನೊಬ್ಬರಿಗೆ ಉತ್ತರ ಗೊತ್ತಿಲ್ಲದಾಗ ಮುರಿಯುತ್ತವೆ. ಹಾಗಾಗಿ ಇವತ್ತಿನ ಪಾಠ ಸಂಘದ ಲೆಕ್ಕದ್ದು.

ಪೆಟ್ಟಿಗೆಯ ದುಡ್ಡೆಲ್ಲ ನಮ್ಮದಲ್ಲ

ಒಂದು ಲೆಕ್ಕ ಮಾಡಿ ಕಾಂಬ. (ಇದು ಪಾಠಕ್ಕಾಗಿ ಮಾಡಿದ ಉದಾಹರಣೆ.) ಒಂದು ಸಂಘದಲ್ಲಿ 20 ಜನ. ಒಬ್ಬೊಬ್ಬರ ಚಂದಾ 50 ರೂ. ಒಟ್ಟು 1,000 ರೂ. ಒಬ್ಬ ದಾನಿ "ಬಲೆಗೆ ಮಾತ್ರ" ಅಂತ ಹೇಳಿ 1,500 ರೂ. ಕೊಟ್ಟರು. ಒಟ್ಟು ಜಮಾ 2,500 ರೂ. 50 ರಾತ್ರಿ ಕಾಯಬೇಕು. 5 ರಾತ್ರಿಗೆ ಒಂದು ಜೋಡಿ ಸೆಲ್, ಬೆಲೆ 50 ರೂ.

30 ರಾತ್ರಿ ಕಳೆಯಿತು. ಬಲೆ ಇನ್ನೂ ತಂದಿಲ್ಲ, ಇಲಾಖೆಯವರ ಬಲೆಯಲ್ಲೇ ಸುಧಾರಿಸಿದರು. ಸೆಲ್ಲಿಗೆ 300 ರೂ., ಚಾಕ್ಕೆ 400 ರೂ. ಖರ್ಚಾಯಿತು. ಪೆಟ್ಟಿಗೆಯಲ್ಲಿ 1,800 ರೂ. ಉಳಿಯಿತು. "ಬೇಕಾದಷ್ಟು ಇತ್ತಲ್ಲ, ಚಾದ ಜೊತೆ ಬನ್ಸೂ ತರಿಸುವಾ" ಅಂತ ಒಬ್ಬರು ಹೇಳಿದರು.

ನಿಲ್ಲಿ! ಅದರಲ್ಲಿ 1,500 ರೂ. ಬಲೆಯ ಹಣ. ಅದನ್ನು ಮುಟ್ಟುವ ಹಾಗಿಲ್ಲ. ಉಳಿದದ್ದು 300 ರೂ. ಇನ್ನು 20 ರಾತ್ರಿಗೆ 4 ಜೋಡಿ ಸೆಲ್, ಅಂದರೆ 200 ರೂ. ತೆಗೆದಿಡಬೇಕು. ಹಾಗಾದರೆ ಚಾಕ್ಕೆ ನಿಜವಾಗಿ ಉಳಿದದ್ದು ಬರೀ 100 ರೂ. ಬನ್ಸು ತಿಂದರೆ ಕೊನೆಯ ರಾತ್ರಿಗಳಲ್ಲಿ ಟಾರ್ಚ್ ಉರಿಯುವುದಿಲ್ಲ. ಮರಿಗಳು ಹೊರಗೆ ಬರುವುದು ಆ ಕೊನೆಯ ರಾತ್ರಿಗಳಲ್ಲೇ ಅಲ್ದಾ?

ಪಿಗ್ಮಿಯಿಂದ ಕಲಿಯುವುದು

ಸಣ್ಣ ಹಣಕ್ಕೂ ಪುಸ್ತಕ ಬೇಕು ಅಂತ ತೋರಿಸಿಕೊಟ್ಟದ್ದು ನಮ್ಮ ಉಡುಪಿ. 1925ರಲ್ಲಿ ಇಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. (ಈ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ದಿನಕ್ಕೆ 2 ಆಣೆ ಕೊಟ್ಟರೂ ಸಾಕಿತ್ತು. ರೂಪಾಯಿಗೆ 16 ಆಣೆ, ಅಂದರೆ 8 ದಿನಕ್ಕೆ ಒಂದು ರೂಪಾಯಿ. ಏಜೆಂಟರು ಮನೆಬಾಗಿಲಿಗೆ ಬಂದು ಹಣ ಪಡೆದು ಲೆಕ್ಕ ಬರೆದುಕೊಳ್ಳುತ್ತಿದ್ದರು. 2 ಆಣೆಗೇ ಲೆಕ್ಕ ಇದ್ದ ಮೇಲೆ ನಮ್ಮ 50 ರೂಪಾಯಿಗೆ ಬೇಡವಾ?

ಸಂಘದ ಐದು ನಿಯಮಗಳು

1. ಹಣ ಬಂದ ಕೂಡಲೇ ರಶೀದಿ ಕೊಡಿ. ಯಾತಕ್ಕೆ ಕೊಟ್ಟದ್ದು ಎಂದು ಅದರಲ್ಲೇ ಬರೆಯಿರಿ.

2. ಖರ್ಚನ್ನು ಅದೇ ದಿನ ಬರೆಯಿರಿ. "ನಾಳೆ ಬರೆಯುವ" ಎಂದರೆ ಮರೆತೇ ಹೋಗುತ್ತದೆ.

3. ಹಣ ಇಡುವವರು ಒಬ್ಬರು, ಪುಸ್ತಕ ಬರೆಯುವವರು ಇನ್ನೊಬ್ಬರು ಇರಲಿ. ಇದು ಅಪನಂಬಿಕೆ ಅಲ್ಲ. ನಾಳೆ ಯಾರಾದರೂ ಮಾತಾಡಿದರೆ ಹಣ ಇಟ್ಟವರ ಮರ್ಯಾದೆ ಉಳಿಸುವುದು ಇದೇ.

4. ಬಲೆ, ಅಕ್ಕಿ, ಹಗ್ಗ ಹೀಗೆ ವಸ್ತು ಕೊಟ್ಟರೆ ಬೇರೆ ಪುಟದಲ್ಲಿ ಬರೆಯಿರಿ. ಹಣದ ಕಾಲಮಿನಲ್ಲಿ ಸೇರಿಸಬೇಡಿ.

5. ತಿಂಗಳಿಗೊಮ್ಮೆ ಎಲ್ಲರ ಎದುರು ಲೆಕ್ಕ ಓದಿ, ಪೆಟ್ಟಿಗೆಯ ಹಣ ಎಣಿಸಿ. ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆ ಆಗಬೇಕು. ಆಗದಿದ್ದರೆ ಎಷ್ಟು ಕಮ್ಮಿ ಅಂತ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಸಂಘ ದೊಡ್ಡದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಾಯಿಸಬಹುದು. ಅದಕ್ಕೆ ಕನಿಷ್ಠ 7 ಮಂದಿ ವಯಸ್ಕರು ಬೇಕು. ಆಮೇಲೆ ವರ್ಷ ವರ್ಷ ಲೆಕ್ಕ ತಪಾಸಣೆ ಮಾಡಿಸಿ ನೋಂದಣಿ ಕಚೇರಿಗೆ ಕೊಡಬೇಕು. ನಾವು ಮಕ್ಕಳು, ನಮಗೆ ಈಗ ಅದು ಬೇಡ. ಆದರೆ ಶಾಲೆಯ ಕೈತೋಟದ ಬೀಜದ ಹಣಕ್ಕೆ ಈ ಐದು ನಿಯಮ ನಾಳೆಯಿಂದಲೇ ನಡೆಯುತ್ತದೆ. 100 ಪುಟದ ಒಂದು ನೋಟ್‌ಬುಕ್ ಸಾಕು.

ಮಾಡಿ ಕಾಣಿ: ಒಂದು ಸಂಘಕ್ಕೆ ಚಂದಾ 800 ರೂ., ನಾಮಫಲಕಕ್ಕೆಂದೇ ಕೊಟ್ಟ ಹಣ 600 ರೂ. ಬಂತು. ಚಂದಾದಲ್ಲಿ 450 ರೂ. ಖರ್ಚಾಯಿತು. ಪೆಟ್ಟಿಗೆಯಲ್ಲಿ ಎಷ್ಟು ಇದೆ? ಸಂಘ ತನ್ನ ಇಷ್ಟದಂತೆ ಎಷ್ಟು ಖರ್ಚು ಮಾಡಬಹುದು? ಎರಡು ಉತ್ತರವೂ ಒಂದೇ ಬಂದರೆ ಪಾಠವನ್ನು ಇನ್ನೊಮ್ಮೆ ಓದಿ!