ಕೆಳಗಿನ ತೋಟದವರು ಕಣಿ ಮುಚ್ಚಿದರೆ?

ಪುತ್ತೂರಿನ ಓದುಗರೇ, ನಿಮ್ಮ ಜಮೀನಿನಲ್ಲಿ ಬಿದ್ದ ಮಳೆನೀರು ಸಹಜವಾಗಿ ತಗ್ಗಿಗೆ ಹರಿಯುವುದನ್ನು ಕೆಳಗಿನವರು ತಡೆಯುವಂತಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಅವರ ತೋಟದೊಳಗೆ ನಿಮ್ಮವರು ಅಗೆದ ಕಣಿಯ ಪ್ರಶ್ನೆ ಬೇರೆ. ಅದನ್ನು 20 ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿದ್ದೀರೆಂದು ತೋರಿಸಬೇಕು. ಅನುಮತಿ ಕೇಳಿ ಬಳಸಿದ್ದರೆ ಹಕ್ಕು ಹುಟ್ಟದು. ಕಣಿಗೆ ತುಂಬಿದ ಮಣ್ಣು, ಅಡಿಕೆ ಬುಡದಲ್ಲಿ ನಿಂತ ನೀರು, ಎರಡನ್ನೂ ಇವತ್ತೇ ದಿನಾಂಕ ಸಹಿತ ಫೋಟೊ ತೆಗೆದಿಡಿ. ಹಿಂದೆ ಕಣಿ ಬಿಡಿಸಿದ ಕೆಲಸದವರು ಒಳ್ಳೆಯ ಸಾಕ್ಷಿಗಳು. ಅಡ್ಡಿಯಾದ ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಈ ಹಕ್ಕು ಕೈತಪ್ಪೀತು. ದಯವಿಟ್ಟು ಕಾಯಬೇಡಿ, ಬೇರು ಕೊಳೆಯುವ ಮುನ್ನ ವಕೀಲರಿಂದ ನೋಟಿಸ್ ಕೊಡಿಸಿ, ಸಿವಿಲ್ ಕೋರ್ಟಿನಲ್ಲಿ ಮಧ್ಯಂತರ ಆದೇಶ ಕೇಳಿ. ಕೊಟ್ಟಿಗೆ ತೊಳೆದ ನೀರನ್ನು ಮಾತ್ರ ಆ ಕಡೆ ಬಿಡಬೇಡಿ, ಮಳೆನೀರಿನ ಹಕ್ಕು ಅದಕ್ಕಿಲ್ಲ.